ನಿಯಮಕ್ಕೆ ರಿಯಾಯಿತಿ ಸಿಕ್ಕೀತು, ನಿದ್ದೆಗೆ ಸಿಗದು

ಅಗ್ಗದ ಟಿಕೆಟ್‌ನಲ್ಲಿ ಹಾರುವ ಎಲ್ಲರಿಗೂ ಒಂದು ಮನವಿ



2025ರ ಡಿಸೆಂಬರ್ ಮೊದಲ ವಾರವನ್ನು ನೀವು ಮರೆತಿರಲಾರಿರಿ. ಡಿಸೆಂಬರ್ 5ರ ಒಂದೇ ದಿನ ಇಂಡಿಗೊ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ರದ್ದು ಮಾಡಿತು. ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆಗೆ ನೆಂಟರಿಷ್ಟರೆಲ್ಲ ಬಂದಿದ್ದರು, ಮದುಮಕ್ಕಳು ಮಾತ್ರ ಬಂದಿರಲಿಲ್ಲ. ವಿಮಾನ ರದ್ದಾಗಿ ದೂರದ ಊರಲ್ಲೇ ಸಿಕ್ಕಿಕೊಂಡಿದ್ದ ಅವರು ಪರದೆಯ ಮೇಲೆ ಕಾಣಿಸಿಕೊಂಡರು. ಅವರ ಕುರ್ಚಿಯಲ್ಲಿ ಹೆತ್ತವರು ಕುಳಿತರು.

ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ ಬಂದದ್ದರಿಂದ ಹೀಗಾಯಿತು ಎಂದು ಆ ವಾರವೆಲ್ಲ ಕೇಳಿದೆವು. ನಿಯಮ ದಿಢೀರನೆ ಬಂದದ್ದಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅದನ್ನು ಹೊರಡಿಸಿದ್ದು 2024ರ ಜನವರಿಯಲ್ಲಿ. ವಾರದ ವಿಶ್ರಾಂತಿ 36 ಗಂಟೆಯ ಬದಲು 48 ಗಂಟೆ. ರಾತ್ರಿ ಎಂದರೆ ಬೆಳಗಿನ 5ರವರೆಗಲ್ಲ, 6ರವರೆಗೆ. ರಾತ್ರಿ ಲ್ಯಾಂಡಿಂಗ್ ಆರರ ಬದಲು ಎರಡು. ಅದೇ ವರ್ಷದ ಜೂನ್ 1ಕ್ಕೆ ಜಾರಿಯಾಗಬೇಕಿತ್ತು. ಏರ್‌ಲೈನ್‌ಗಳು ತಕರಾರು ತೆಗೆದವು, ಮುಂದಕ್ಕೆ ಹೋಯಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿನಲ್ಲಿ ಹೋರಾಡಿದ ಮೇಲೆ 2025ರ ಜುಲೈ 1 ಮತ್ತು ನವೆಂಬರ್ 1 ಎಂದು ಎರಡು ಕಂತಿನಲ್ಲಿ ಜಾರಿಗೆ ಬಂತು. ತಯಾರಿಗೆ ಸಿಕ್ಕ ಕಾಲ ಸುಮಾರು ಇಪ್ಪತ್ತೆರಡು ತಿಂಗಳು! ಅಷ್ಟರಲ್ಲಿ ಬೇಕಾದಷ್ಟು ಪೈಲಟ್‌ಗಳನ್ನು ಸೇರಿಸಿಕೊಳ್ಳದೆ ಕುಳಿತದ್ದು ಯಾರ ತಪ್ಪು?

ಆಮೇಲೆ ನಡೆದದ್ದನ್ನು ಗಮನಿಸಿ. ಅದೇ ಡಿಸೆಂಬರ್ 5ರಂದು ಡಿಜಿಸಿಎ ಇಂಡಿಗೊಗೆ ರಾತ್ರಿ ಪಾಳಿಯ ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ರಿಯಾಯಿತಿ ಕೊಟ್ಟಿತು. ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸಬಾರದು ಎಂಬ ಸೂಚನೆಯನ್ನಂತೂ ಎಲ್ಲ ಏರ್‌ಲೈನ್‌ಗಳಿಗೂ ಅನ್ವಯಿಸುವಂತೆ ಹಿಂತೆಗೆದುಕೊಂಡಿತು. ಅಂದರೆ ಮಗಳ ನಾಮಕರಣಕ್ಕೆಂದು ಪೈಲಟ್ ಕೇಳಿ ಪಡೆದ ರಜೆಯನ್ನೇ 'ನಿಮ್ಮ ವಿಶ್ರಾಂತಿ ಮುಗಿಯಿತು' ಎಂದು ಬರೆದುಕೊಳ್ಳಲು ದಾರಿಯಾಯಿತು.

ನಾವು ಹೇಳಬೇಕೆಂದಿರುವುದು ಇಷ್ಟೇ. ಡಿಜಿಸಿಎ ಬರೆದದ್ದನ್ನು ಡಿಜಿಸಿಎ ಅಳಿಸಬಹುದು. ಆಡಳಿತ ಮಂಡಳಿಯೂ ಪೈಲಟ್ ಸಂಘವೂ ಎದುರುಬದುರು ಕೂತು ಸಹಿ ಹಾಕಿದ ಒಪ್ಪಂದವನ್ನು ಒಬ್ಬರೇ ಅಳಿಸಲಾಗದು. ನಮ್ಮ ಬಜೆಟ್ ಏರ್‌ಲೈನ್‌ಗಳಲ್ಲಿ ಅಂಥ ಒಪ್ಪಂದ ಆಗಬೇಕು, ವಿಶ್ರಾಂತಿ ಮತ್ತು ರೋಸ್ಟರ್, ಅಂದರೆ ಪಾಳಿಯ ಪಟ್ಟಿ, ಅದರ ಮೊದಲ ಪುಟದಲ್ಲಿರಬೇಕು. ಸಂಬಳದ ಮಾತು ಎರಡನೇ ಪುಟದಲ್ಲಿದ್ದರೂ ನಮ್ಮ ಅಡ್ಡಿಯಿಲ್ಲ.

ಬೆಳಗಿನ 5 ಗಂಟೆಯ ವಿಮಾನ ಹಾರಿಸುವವರ ದಿನ ಹೇಗಿರುತ್ತದೆ? ಬೆಂಗಳೂರಿನ ಜಯನಗರದಲ್ಲೋ ಬನಶಂಕರಿಯಲ್ಲೋ ಮನೆಯಿದ್ದರೆ ಎರಡೂವರೆಗೆಲ್ಲ ಕಂಪನಿಯ ಕ್ಯಾಬ್ ಬಾಗಿಲಲ್ಲಿ ನಿಂತಿರುತ್ತದೆ; ಏಳುವುದು ಒಂದೂವರೆಗೆ. ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಿ ಬ್ರೆತ್ ಅನಲೈಸರ್‌ಗೆ ಊದಬೇಕು. ಆಮೇಲೆ ಒಂದರ ಹಿಂದೊಂದು ಹಾರಾಟ. ನಡುವೆ ವಿಮಾನ ನೆಲದ ಮೇಲೆ ನಿಲ್ಲುವುದು ಅರ್ಧ ಗಂಟೆ. ಆ ಹೊತ್ತಿನಲ್ಲೇ ಮುಂದಿನ ಹಾರಾಟದ ಕಾಗದಪತ್ರ, ಇಂಧನದ ಲೆಕ್ಕ, ಸಾಧ್ಯವಾದರೆ ನಾಲ್ಕು ತುತ್ತು ಊಟ. ಕುಡಿದಿದ್ದಾರೆಯೇ ಎಂದು ಪತ್ತೆ ಮಾಡಲು ಯಂತ್ರವಿದೆ. ನಿದ್ದೆಗೆಟ್ಟಿದ್ದಾರೆಯೇ ಎಂದು ಪತ್ತೆ ಮಾಡುವ ಯಂತ್ರ ಆ ಮೇಜಿನ ಮೇಲಿಲ್ಲ. 'ನನಗೆ ಆಯಾಸವಾಗಿದೆ, ಹಾರಿಸಲಾರೆ' ಎಂದು ಅವರೇ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದವರ ಬೆನ್ನಿಗೆ ನಿಲ್ಲುವವರು ಬೇಡವೇ?

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ತೀರಿಕೊಂಡರು. ಉಳಿದವರು 8 ಮಂದಿ. ಅದೂ ಬಜೆಟ್ ಏರ್‌ಲೈನೇ. ಕ್ಯಾಪ್ಟನ್ ಸುಮಾರು ಒಂದು ಗಂಟೆ ನಲವತ್ತು ನಿಮಿಷ ನಿದ್ದೆಯಲ್ಲಿದ್ದರು, ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಗೊರಕೆ ದಾಖಲಾಗಿದೆ ಎಂದು ತನಿಖಾ ನ್ಯಾಯಾಲಯ ಕಂಡುಕೊಂಡಿತು. ಇಳಿಯುವುದನ್ನು ಕೈಬಿಟ್ಟು ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದನ್ನೂ ಯಂತ್ರದ ಎಚ್ಚರಿಕೆಯನ್ನೂ ಕ್ಯಾಪ್ಟನ್ ಲೆಕ್ಕಿಸದೆ ಹೋದದ್ದೇ ನೇರ ಕಾರಣ ಎಂದಿತು ವರದಿ. ನಿದ್ದೆಯ ಮಂಪರನ್ನೂ, ದೇಹ ನಿದ್ದೆ ಬೇಡುವ ಆ ನಸುಕಿನ ಹೊತ್ತನ್ನೂ ಪೂರಕ ಕಾರಣಗಳಲ್ಲಿ ಸೇರಿಸಿತು. ಅಪಘಾತಕ್ಕೆ ನಿದ್ದೆಯೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಅದನ್ನು ಮರೆತು ರೋಸ್ಟರ್ ಬರೆಯಬೇಡಿ ಎನ್ನುತ್ತಿದ್ದೇವೆ.

'ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರಿಗೆ ಸಂಘ ಯಾಕೆ?' ಈ ಪ್ರಶ್ನೆ ನಮ್ಮಲ್ಲೂ ಕೆಲವರು ಕೇಳಿದರು. ಸಂಬಳ ದೊಡ್ಡದು, ನಿಜ. ಆದರೆ ಒಂಟಿ ಪೈಲಟ್‌ನ ಕೈ ಕಟ್ಟಿದೆ. 2017ರ ಡಿಜಿಸಿಎ ನಿಯಮದಂತೆ ಕ್ಯಾಪ್ಟನ್ ಕೆಲಸ ಬಿಡಬೇಕೆಂದರೆ ಒಂದು ವರ್ಷದ ನೋಟಿಸ್, ಸಹ ಪೈಲಟ್‌ಗೆ ಆರು ತಿಂಗಳು. ನಮ್ಮಲ್ಲಿ ಎಷ್ಟು ಜನ ಅಂಥ ಕರಾರಿನ ಕೆಳಗೆ ದುಡಿಯುತ್ತೇವೆ? ಕೋವಿಡ್ ಕಾಲದಲ್ಲಿ ಕಡಿತವಾದ ಸಂಬಳ ಪೂರ್ತಿ ಮರಳಲಿಲ್ಲವೆಂದು 2022ರ ಏಪ್ರಿಲ್‌ನಲ್ಲಿ ಮುಷ್ಕರಕ್ಕೆ ತಯಾರಾದ ಕೆಲವು ಪೈಲಟ್‌ಗಳನ್ನು ಇಂಡಿಗೊ ಅಮಾನತು ಮಾಡಿತು. ಮರುವರ್ಷ ಆಕಾಸ ಏರ್‌ನಿಂದ ನಲವತ್ತಕ್ಕೂ ಹೆಚ್ಚು ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟರು. ವಿಮಾನಗಳು ರದ್ದಾದವು, ಕಂಪನಿ ಕೋರ್ಟ್ ಮೆಟ್ಟಿಲು ಹತ್ತಿತು. ಮಾತುಕತೆಗೆ ಜಾಗವೇ ಇಲ್ಲದಿದ್ದರೆ ಅಮಾನತು, ಓಡಿಹೋಗುವುದು, ಸಾಮೂಹಿಕ 'ಹುಷಾರಿಲ್ಲ' ರಜೆ, ಇವೇ ಉಳಿಯುತ್ತವೆ. ಮೂರರಲ್ಲೂ ಏಟು ಬೀಳುವುದು ಟಿಕೆಟ್ ಕೊಂಡವರಿಗೆ.

2009ರಲ್ಲಿ ಜೆಟ್ ಏರ್‌ವೇಸ್ ಸಂಘ ಕಟ್ಟಲು ಮುಂದಾದ ಪೈಲಟ್‌ಗಳನ್ನು ತೆಗೆದುಹಾಕಿತು. ಐದು ದಿನ ನೂರಾರು ಪೈಲಟ್‌ಗಳು ರಜೆ ಹಾಕಿ ಕುಳಿತ ಮೇಲೆ ವಾಪಸು ಕರೆಯಿತು. 2024ರ ಮೇನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಹಾಗೇ ಮಾಡಿದಾಗ ಸುಮಾರು 25 ಜನರನ್ನು ವಜಾ ಮಾಡಿದ ಕಂಪನಿ, ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಕೂತ ದಿನವೇ ಅವರನ್ನು ಮರಳಿ ತೆಗೆದುಕೊಳ್ಳಲು ಒಪ್ಪಿತು. ಕೊನೆಗೆ ಕೂರುವುದೇ ಆದರೆ ಮೊದಲೇ ಕೂರಬಾರದೇ!

ಸಂಘ ಬಂದರೆ ಅಗ್ಗದ ಟಿಕೆಟ್ ಹೋಯಿತು ಎಂಬ ಹೆದರಿಕೆಯೂ ಇದೆ. 2003ರಲ್ಲಿ ಬೆಂಗಳೂರಿನಿಂದಲೇ ಶುರುವಾದ ಏರ್ ಡೆಕ್ಕನ್ ನಮ್ಮಂಥವರನ್ನು ವಿಮಾನ ಹತ್ತಿಸಿತು. ಆ ಅನುಕೂಲ ನಮಗೂ ಬೇಕು. ಆದರೆ ಅಗ್ಗದ ವಿಮಾನಯಾನವನ್ನು ಜಗತ್ತಿಗೆ ಕಲಿಸಿದ ಅಮೆರಿಕದ ಸೌತ್‌ವೆಸ್ಟ್‌ನಲ್ಲಿ ಹೆಚ್ಚಿನ ನೌಕರರು ಸಂಘಗಳಲ್ಲಿದ್ದಾರೆ. ಅಲ್ಲಿನ ಪೈಲಟ್ ಸಂಘ ಮೂರು ವರ್ಷಕ್ಕೂ ಹೆಚ್ಚು ಮಾತಾಡಿ 2024ರ ಜನವರಿಯಲ್ಲಿ ಹೊಸ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಸಂಘವಿದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ: ಸಿಬ್ಬಂದಿಯನ್ನು ಹಂಚುವ ಹಳೆಯ ವ್ಯವಸ್ಥೆ ಕೈಕೊಡುತ್ತದೆ ಎಂದು ಇದೇ ಸಂಘ ಎಚ್ಚರಿಸಿದ್ದರೂ ಕಂಪನಿ ಕಿವಿಗೊಡದೆ 2022ರ ಡಿಸೆಂಬರ್‌ನಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ವಿಮಾನ ರದ್ದು ಮಾಡಿಕೊಂಡಿತು.

ಐರ್ಲೆಂಡಿನ ರಯಾನ್‌ಏರ್ ಕತೆ ನಮ್ಮದಕ್ಕೆ ಇನ್ನೂ ಹತ್ತಿರ. ಹುಟ್ಟಿದಾಗಿನಿಂದ 32 ವರ್ಷ ಅದು ಯಾವ ಸಂಘವನ್ನೂ ಒಪ್ಪಿರಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಪೈಲಟ್‌ಗಳ ರಜೆಯ ಲೆಕ್ಕ ಎಡವಟ್ಟಾಗಿ ಎರಡು ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಕ್ರಿಸ್‌ಮಸ್ ಹೊತ್ತಿಗೆ ಮುಷ್ಕರದ ಬೆದರಿಕೆ ಬಂದಾಗ ಪೈಲಟ್ ಸಂಘಗಳಿಗೆ ಮಾನ್ಯತೆ ಕೊಡುವುದಾಗಿ ಘೋಷಿಸಿತು. ರಯಾನ್‌ಏರ್ ಇವತ್ತಿಗೂ ಅಗ್ಗದ ಟಿಕೆಟ್ ಮಾರುತ್ತಲೇ ಇದೆ. ಅಲ್ಲಿ ರೋಸ್ಟರ್ ಕುಸಿದಾಗ ಸಂಘಕ್ಕೆ ಮಾನ್ಯತೆ ಸಿಕ್ಕಿತು, ಇಲ್ಲಿ ಕುಸಿದಾಗ ಕಂಪನಿಗೆ ರಿಯಾಯಿತಿ ಸಿಕ್ಕಿತು.

ಕಾನೂನು ದಾರಿ ಬಿಟ್ಟಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಶೇ 51ರಷ್ಟು ಸದಸ್ಯಬಲವಿರುವ ಸಂಘಕ್ಕೆ ಮಾತುಕತೆಯ ಹಕ್ಕಿದೆ. ಅದೇ ಕಾನೂನು ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೇಳುತ್ತದೆ, ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸುತ್ತದೆ. ಪೈಲಟ್ ಕಾರ್ಮಿಕನೇ ಅಲ್ಲ, ಅಧಿಕಾರಿ ಎಂಬುದು ಕಂಪನಿಗಳ ಹಳೆಯ ವಾದ. ತನ್ನ ರಜೆಯನ್ನೇ ತಾನು ಮಂಜೂರು ಮಾಡಿಕೊಳ್ಳಲಾಗದವನು ಎಂಥ ಅಧಿಕಾರಿ?

ಒಪ್ಪಂದದಲ್ಲಿ ಇವಿರಲಿ: ವಾರದ 48 ಗಂಟೆ ವಿಶ್ರಾಂತಿ, ರಜೆ ಬೇರೆ, ತಿಂಗಳ ರೋಸ್ಟರ್ ಮುಂಚಿತವಾಗಿ ಕೈಸೇರುವುದು, ಬದಲಿಸಿದರೆ ಪರಿಹಾರ, ಆಯಾಸವೆಂದು ಹೇಳಿದ ಪೈಲಟ್ ಮೇಲೆ ಕ್ರಮವಿಲ್ಲ, ಡಿಜಿಸಿಎ ರಿಯಾಯಿತಿ ಕೊಟ್ಟರೂ ಸಂಘ ಒಪ್ಪದೆ ಕಂಪನಿ ಅದನ್ನು ಬಳಸುವಂತಿಲ್ಲ. ಈ ಕೊನೆಯದನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ ಎಂದು ಪೈಲಟ್ ಗೆಳೆಯರಲ್ಲಿ ಕೇಳಿಕೊಳ್ಳುತ್ತೇವೆ.

ಪ್ರಯಾಣಿಕರಾದ ನಾವು ಮಾಡಬಹುದಾದದ್ದೂ ಇದೆ. ಟಿಕೆಟ್ ಕೊಂಡ ಏರ್‌ಲೈನ್‌ಗೆ ಒಂದು ಸಾಲು ಬರೆದು ಕೇಳಿ: ನಿಮ್ಮಲ್ಲಿ ಮಾನ್ಯತೆ ಪಡೆದ ಪೈಲಟ್ ಸಂಘವಿದೆಯೇ? ನಿಮ್ಮ ಸಂಸದರಿಗೂ ಅದನ್ನೇ ಕಳಿಸಿ. ಇನ್ನೊಮ್ಮೆ 'ಪೈಲಟ್‌ಗಳಿಂದ ಪ್ರಯಾಣಿಕರ ಪರದಾಟ' ಎಂಬ ಸುದ್ದಿ ಬಂದಾಗ, ಸಂಘ ಮಾತುಕತೆಗೆ ಕೇಳಿದ್ದು ಯಾವಾಗ, ಕಂಪನಿ ಉತ್ತರಿಸಿದ್ದು ಯಾವಾಗ ಎಂಬ ಎರಡು ತಾರೀಖು ವಿಚಾರಿಸಿ, ಆಮೇಲೆ ಬೈಯಿರಿ.

ಓದಿದ ಮೇಲೆ ಪಕ್ಕದ ಸೀಟಿನವರಿಗೆ ಕೊಡಿ.

— ಕೆಲವು ವಿಮಾನ ಪ್ರಯಾಣಿಕರು, ಬೆಂಗಳೂರು