ವಂತಿಗೆ ಕಟ್ಟುತ್ತೇವೆ, ಸೇರಿಸಿಕೊಳ್ಳಿ

ಮಾನ್ಯ ಆರೋಗ್ಯ ಸಚಿವರಿಗೆ,

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದವನು. ಹಾಲಿನ ಡಿಗ್ರಿ ನೋಡುವುದು, ಪುಸ್ತಕಕ್ಕೆ ಲೀಟರು ಬರೆಯುವುದು, ಬಟವಾಡೆ ಮಾಡುವುದು, ಇಷ್ಟೇ ನನ್ನ ವಿದ್ಯೆ. ಆದರೂ ಆರೋಗ್ಯ ವಿಮೆಯ ವಿಷಯದಲ್ಲಿ ತಮಗೆ ಬರೆಯುವ ಧೈರ್ಯ ಮಾಡಿದ್ದೇನೆ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಬಂದಾಗ ನಮ್ಮೂರಲ್ಲಿ ಅದರ ಮೊದಲ ರಸೀದಿ ಹರಿದುಕೊಟ್ಟವನು ನಾನೇ.

ಆಗ ತಲೆಗೆ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಡೈರಿ ಜಗಲಿಯಲ್ಲಿ ಕ್ಯಾನುಗಳ ಪಕ್ಕ ಮೇಜು ಹಾಕಿಕೊಂಡು ಕೂತಿದ್ದೆ. ಹಾಲು ಹಾಕಲು ಬಂದ ಒಬ್ಬ ಹೆಂಗಸು, ‘ಕಾಯ್ಲೆ ಬರ್ದಿದ್ರೆ ದುಡ್ಡು ವಾಪಸ್ ಕೊಡ್ತೀರಾ ಸಾರ್?’ ಎಂದು ಕೇಳಿದರು. ‘ಇಲ್ಲಮ್ಮ, ಬೇರೆ ಯಾರದೋ ಆಪರೇಷನ್‌ಗೆ ಹೋಗುತ್ತೆ’ ಅಂದೆ. ಖಾಲಿ ಪಾತ್ರೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು, ‘ಹಂಗಾದ್ರೆ ಬಟವಾಡೇಲಿ ಹಿಡ್ಕಳಿ’ ಎಂದರು. ವಿಮೆ ಎಂದರೇನು ಎಂಬುದು ನನಗೂ ಅರ್ಥವಾದದ್ದು ಆ ದಿನವೇ. ಮೊದಲ ವರ್ಷ ರಾಜ್ಯದಲ್ಲಿ ಸುಮಾರು 16 ಲಕ್ಷ ಸಹಕಾರಿಗಳು ಹೀಗೆ ಸೇರಿದರು. ಸರ್ಕಾರ ತನ್ನ ಪಾಲು ಹಾಕಿತು. ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆಗಳಿಗೆ ದಾರಿಯಾಯಿತು.

ಇಪ್ಪತ್ತು ವರ್ಷದ ಮೇಲೆ ಇನ್ನೊಂದು ಪ್ರಶ್ನೆ ಕೇಳಿಸಿಕೊಂಡೆ. ಆ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ. ಪಕ್ಕದ ಮನೆಯವರು ಲಗೇಜ್ ಆಟೊ ಇಟ್ಟುಕೊಂಡಿದ್ದಾರೆ. ಹಸುವಿಲ್ಲ, ಹೊಲವಿಲ್ಲ, ಹಾಗಾಗಿ ಸೊಸೈಟಿ ಸದಸ್ಯತ್ವವೂ ಇಲ್ಲ. ಎದೆನೋವೆಂದು ಹೋದಾಗ ಸ್ಟೆಂಟ್ ಹಾಕಬೇಕೆಂದರು. ಜೊತೆಗೆ ನಾನೂ ಹೋಗಿದ್ದೆ. ಆಸ್ಪತ್ರೆಯಲ್ಲಿ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಗೆಂದಿರುವ ಆರೋಗ್ಯ ಮಿತ್ರ ಕೌಂಟರಿನ ಹುಡುಗ ರೇಷನ್ ಕಾರ್ಡ್ ನಂಬರ್ ಒತ್ತಿ, ‘ನಿಮ್ದು ಎಪಿಎಲ್ ಸಾರ್, ಥರ್ಟಿ ಪರ್ಸೆಂಟ್ ಅಷ್ಟೇ ಬರೋದು’ ಅಂದ. ‘ಪೂರ್ತಿ ಬರಬೇಕಂದ್ರೆ ಎಷ್ಟು ಕಟ್ಟಬೇಕಪ್ಪ? ಮುಂದಕ್ಕಾದರೂ ಕಟ್ಟಿ ಸೇರಿಕೊಳ್ತೀನಿ’ ಎಂದು ಇವರು ಕೇಳಿದರು. ಹುಡುಗ ಪಾಪ ಒಳ್ಳೆಯವನೇ. ‘ಕಟ್ಟಿ ಸೇರೋ ಹಂಗಿಲ್ಲ ಸಾರ್’ ಎಂದು ಮುಂದಿನವರನ್ನು ಕರೆದ.

ಯಾಕಿಲ್ಲ ಎಂಬುದೇ ನನ್ನ ಪ್ರಶ್ನೆ.

ತಮ್ಮ ಇಲಾಖೆಯ ಲೆಕ್ಕವನ್ನೇ ನೋಡೋಣ. ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರುವಂತಿಲ್ಲ. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದ ನೌಕರರಿಗೆ ಇಎಸ್‌ಐ ಇದೆ. ಸರ್ಕಾರಿ ನೌಕರರಿಗೆ ಅವರದೇ ವ್ಯವಸ್ಥೆಯಿದೆ. ದೊಡ್ಡ ಕಂಪನಿಗಳು ತಮ್ಮವರಿಗೆ ಪಾಲಿಸಿ ಮಾಡಿಸುತ್ತವೆ. ಸಹಕಾರಿಗಳಿಗೆ ಯಶಸ್ವಿನಿ. ಈ ಯಾವ ಕೊಡೆಯ ಕೆಳಗೂ ನಿಲ್ಲದವರು ಲಗೇಜ್ ಆಟೊದವರು, ಟೈಲರ್‌ಗಳು, ಬೇಕರಿ ಇಟ್ಟವರು, ಅತಿಥಿ ಉಪನ್ಯಾಸಕರು. ಬಿಪಿಎಲ್ ಕಾರ್ಡಿಗೆ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ. ಅಂದರೆ ತಿಂಗಳಿಗೆ ಹತ್ತು ಸಾವಿರ ದುಡಿದರೆ ಆಸ್ಪತ್ರೆ ಬಾಗಿಲು ತೆರೆದಿರುತ್ತದೆ, ಹನ್ನೊಂದು ಸಾವಿರ ದುಡಿದರೆ ಮುಚ್ಚಿಕೊಳ್ಳುತ್ತದೆ.

2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದತಿಯ ಗದ್ದಲ ಎದ್ದಾಗ ಎಲ್ಲರೂ ಅಕ್ಕಿಯ ಮಾತಾಡಿದರು. ನಮ್ಮೂರಲ್ಲಿ ಹಲವರು ಆ ಕಾರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡಿರುವುದು ಅಕ್ಕಿಗಾಗಿ ಅಲ್ಲ, ಆಸ್ಪತ್ರೆಗಾಗಿ. ದುಡ್ಡು ಕಟ್ಟಿ ಸೇರಲು ನೇರ ದಾರಿಯಿದ್ದರೆ ಸುಳ್ಳು ಆದಾಯ ಪ್ರಮಾಣಪತ್ರಕ್ಕೆ ಅಲೆಯುವವರು ಕಡಿಮೆಯಾಗುತ್ತಾರೆ. ಖಾಸಗಿ ಪಾಲಿಸಿ ಕೊಳ್ಳಲಿ ಎನ್ನಬಹುದು. ಅದರ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಹೋಯಿತು, ಸಂತೋಷ. ಆದರೆ ಐವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವವನಿಗೆ ಕಂತು ಏರುತ್ತದೆ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಲು ಕಂಪನಿಗಳಿಗೆ ಅವಕಾಶವಿದೆ.

ನನ್ನ ಕೋರಿಕೆ ಇಷ್ಟೆ. ಬಿಪಿಎಲ್ ಅಲ್ಲದ ಯಾವುದೇ ಕುಟುಂಬ ವರ್ಷಕ್ಕೊಮ್ಮೆ ನಿಗದಿತ ವಂತಿಗೆ ಕಟ್ಟಿ ಆರೋಗ್ಯ ಕರ್ನಾಟಕಕ್ಕೆ ಪೂರ್ಣವಾಗಿ ಸೇರುವ ದಾರಿ ಮಾಡಿಕೊಡಿ. ಇದು ಕಂಡುಕೇಳರಿಯದ ಸಂಗತಿಯಲ್ಲ. ರಾಜಸ್ಥಾನ 2021ರ ಚಿರಂಜೀವಿ ಯೋಜನೆಯಲ್ಲಿ ಉಚಿತ ಪಟ್ಟಿಗೆ ಸೇರದ ಕುಟುಂಬಗಳಿಗೂ ವರ್ಷಕ್ಕೆ 850 ರೂಪಾಯಿ ಕಟ್ಟಿ ಸೇರಲು ಅವಕಾಶ ಕೊಟ್ಟಿತ್ತು. ನಮ್ಮ ದರ ಅಷ್ಟೇ ಇರಲಿ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಹಾಕಿಸಿ, ನಿಜವಾದ ದರ ಹೇಳಿ. ಜನ ತಮ್ಮ ಶಕ್ತಿ ನೋಡಿಕೊಂಡು ತೀರ್ಮಾನಿಸುತ್ತಾರೆ.

ತಮ್ಮ ಅಧಿಕಾರಿಗಳು ಮೂರು ಆಕ್ಷೇಪ ತರುತ್ತಾರೆ, ಬಲ್ಲೆ. ಆಸ್ಪತ್ರೆ ರಾಜ್ಯ ಪಟ್ಟಿಯಲ್ಲಿದೆ, ವಿಮೆ ಕೇಂದ್ರ ಪಟ್ಟಿಯಲ್ಲಿದೆ ಎಂಬುದು ಮೊದಲನೆಯದು. ನಿಜ. ಆದರೆ ಈಗಿನ ಯೋಜನೆಯಲ್ಲೇ ವಿಮಾ ಕಂಪನಿ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗಳಿಗೆ ಹಣ ಕೊಡುತ್ತದೆ. ಉತ್ತರ ಕರ್ನಾಟಕದಲ್ಲಿ 2010ರಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಕುರಿತು ಬ್ರಿಟನ್ನಿನ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ 2014ರಲ್ಲಿ ಅಧ್ಯಯನವೊಂದು ಬಂತು. ಯೋಜನೆ ಇದ್ದ ಹಳ್ಳಿಗಳ ಬಡವರಲ್ಲಿ, ಅದರ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಪಕ್ಕದ ಹಳ್ಳಿಗಳಿಗಿಂತ ಶೇ 64ರಷ್ಟು ಕಡಿಮೆ ಎಂದು ಅದು ಹೇಳಿತು. ಯೋಜನೆ ನಡೆಸಿದ್ದು ಇದೇ ಟ್ರಸ್ಟ್. ಯಂತ್ರ ಕೈಯಲ್ಲೇ ಇದೆ.

ಎರಡನೆಯದು, ಕಾಯಿಲೆ ಇರುವವರೇ ಸೇರಿದರೆ ನಿಧಿ ಬರಿದಾಗುತ್ತದೆ ಎಂಬ ಭಯ. ಇದಕ್ಕೆ ಉತ್ತರ ಡೈರಿ ಜಗಲಿಯಲ್ಲಿದೆ. ಒಬ್ಬೊಬ್ಬರನ್ನೇ ಸೇರಿಸಬೇಡಿ. ಇಡೀ ಕುಟುಂಬ ಸೇರಲಿ, ವರ್ಷದಲ್ಲಿ ಎರಡು ತಿಂಗಳು ಮಾತ್ರ ನೋಂದಣಿ ಇರಲಿ. ಆಟೊ ಚಾಲಕರ ಸಂಘ, ಸ್ತ್ರೀಶಕ್ತಿ ಸಂಘ, ವರ್ತಕರ ಸಂಘಗಳ ಮೂಲಕ ಗುಂಪುಗುಂಪಾಗಿ ಸೇರಿಸಿಕೊಳ್ಳಿ. ಗಟ್ಟಿಮುಟ್ಟಾದವನ ವಂತಿಗೆ ಆಗ ತಾನಾಗಿ ಬರುತ್ತದೆ.

ಮೂರನೆಯದೇ ಕಷ್ಟದ್ದು: ಖಾಸಗಿ ಆಸ್ಪತ್ರೆಗಳು. 2017ರ ನವೆಂಬರ್‌ನಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅವರು ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಬೀದಿಯಲ್ಲಿ ನಿಂತರು. ಕೊನೆಗೆ ಮಸೂದೆ ಮೆತ್ತಗಾಯಿತು, ದರ ನಿಯಂತ್ರಣ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳಿಯಿತು. ಆಸ್ಪತ್ರೆಗಳ ಇಷ್ಟಕ್ಕೇ ಬಿಟ್ಟರೂ ಕಷ್ಟ ತಪ್ಪದು ಎಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಥೆಯನ್ನು ಸಿಯಾಟಲ್‌ನಲ್ಲಿರುವ ತಂಗಿಯ ಮಗ ಹೇಳಿದ. ಅಲ್ಲಿ 2019ರಲ್ಲಿ ಸರ್ಕಾರವೇ ಜನರಿಗೊಂದು ವಿಮೆ ಒದಗಿಸುವ ಕಾನೂನು ಮಾಡಿತಂತೆ. ಆಸ್ಪತ್ರೆಗೆ ಕೊಡುವ ದರಕ್ಕೆ ಮಿತಿ ಹಾಕಿ, ಸೇರುವುದನ್ನು ಅವುಗಳ ಇಷ್ಟಕ್ಕೆ ಬಿಟ್ಟಿತು. ಹಲವು ದೂರ ಉಳಿದವು. 2021ರಲ್ಲಿ ವಿಮೆ ಶುರುವಾದಾಗ ಅರ್ಧದಷ್ಟು ಕೌಂಟಿಗಳಲ್ಲಿ ಮಾತ್ರ ಸಿಕ್ಕಿತು. ಅದೇ ವರ್ಷ ಕಾನೂನನ್ನು ಬಿಗಿ ಮಾಡಬೇಕಾಯಿತು. ಹಾಗಾಗಿ ದರ ನಿಗದಿಗೆ ಆಸ್ಪತ್ರೆಯವರನ್ನು ಮೊದಲೇ ಕೂರಿಸಿಕೊಳ್ಳಿ, ನ್ಯಾಯವಾದ ದರ ಕೊಡಿ, ಬಿಲ್ಲು ಬಾಕಿ ಇಡಬೇಡಿ. ಅದಾದ ಮೇಲೂ ಬಾಗಿಲು ಹಾಕಿಕೊಂಡರೆ ಕಾನೂನಿನ ಕೈ ಚಾಚಿ.

ಕೊನೆಯದಾಗಿ ರಾಜಕೀಯದ ಒಂದು ಮಾತು. ವಾಜಪೇಯಿ ಆರೋಗ್ಯಶ್ರೀ ಬಂತು, ರಾಜೀವ್ ಆರೋಗ್ಯ ಭಾಗ್ಯ ಬಂತು. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕವಾಯಿತು, ಅಕ್ಟೋಬರ್‌ನಲ್ಲಿ ಅದರ ಹಿಂದೆ ಆಯುಷ್ಮಾನ್ ಭಾರತ್ ಸೇರಿತು, 2023ರಲ್ಲಿ ಮುಖ್ಯಮಂತ್ರಿಗಳ ಪದವಿಯೂ ಸೇರಿತು. ಹೆಸರು ಹೀಗೆ ಬದಲಾದದ್ದು ಯಾಕೆಂದು ನಮ್ಮ ಡೈರಿ ಜಗಲಿಯಲ್ಲಿ ಯಾರೂ ಕೇಳಲಿಲ್ಲ. ಅದೇ 2018ರಲ್ಲಿ ಯಶಸ್ವಿನಿ ನಿಂತಾಗ ಮಾತ್ರ, ‘ನಮ್ದು ಯಾಕೆ ನಿಲ್ಸಿದ್ರು?’ ಎಂದು ಹಾಲು ಹಾಕುವವರೆಲ್ಲ ನನ್ನನ್ನೇ ಕೇಳಿದರು. ಸಹಕಾರಿಗಳು ಒತ್ತಾಯಿಸುತ್ತಲೇ ಬಂದರು. 2022-23ರ ಬಜೆಟ್ಟಿನಲ್ಲಿ 300 ಕೋಟಿ ಇಟ್ಟು, 2023ರ ಜನವರಿಯಿಂದ ಮತ್ತೆ ಜಾರಿಗೆ ತರಬೇಕಾಯಿತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಎಂದರೂ ಜನ ಕಟ್ಟಿದರು. ಕೊಟ್ಟದ್ದನ್ನು ಜನ ಮರೆಯಬಹುದು, ತಾವು ಕಟ್ಟಿದ್ದನ್ನು ಮರೆಯುವುದಿಲ್ಲ. ತಮ್ಮ ಹೆಸರು ಉಳಿಯಬೇಕಾದರೆ ಕಾರ್ಡಿನ ಮೇಲೆ ಫೋಟೊ ಬೇಡ. ವಂತಿಗೆದಾರರ ಪ್ರತಿನಿಧಿಗಳಿಗೆ ಟ್ರಸ್ಟ್‌ನಲ್ಲಿ ಕುರ್ಚಿ ಹಾಕಿಸಿ, ಅದನ್ನು ಶಾಸನದಲ್ಲಿ ಬರೆಸಿ.

ಮುಂದಿನ ಬಜೆಟ್ಟಿಗೆ ಇಲಾಖೆಯ ಪಟ್ಟಿ ಹೋಗುವ ಮುಂಚೆ ವಂತಿಗೆ ಕಟ್ಟಿ ಸೇರುವ ದಾರಿಯ ಈ ಒಂದು ಸಾಲನ್ನು ಸೇರಿಸಿ ಎಂಬುದು ನನ್ನ ಪ್ರಾರ್ಥನೆ.

ಪಕ್ಕದ ಮನೆಯವರಿಗೆ ಸ್ಟೆಂಟ್ ಹಾಕಿದರು, ಈಗ ಹುಷಾರಾಗಿದ್ದಾರೆ, ಆಟೊ ಓಡಿಸುತ್ತಿದ್ದಾರೆ. ತಿಂಗಳು ತಪ್ಪದೆ ಕಂತನ್ನೂ ಕಟ್ಟುತ್ತಿದ್ದಾರೆ. ಅದು ಹೆಂಡತಿಯ ಒಡವೆ ಅಡವಿಟ್ಟು ತಂದ ಸಾಲದ ಕಂತು.

ಇಂತಿ ತಮ್ಮ ವಿಶ್ವಾಸಿ,
ಹಾಲಿನ ಸಂಘವೊಂದರ ನಿವೃತ್ತ ಕಾರ್ಯದರ್ಶಿ