ಮನೆಯ ಕೈಗೆಲಸ: ಭಾರವಿಲ್ಲದ ಉಕ್ಕಿನ ತೋಳು

ಜಪಾನಿನ ಚಿತ್ರಕಥೆಗಳ ಪಾತ್ರಗಳಂತೆ ವೇಷ ಧರಿಸಿ ಮೇಳಗಳಿಗೆ ಹೋಗುವ ಹವ್ಯಾಸಕ್ಕೆ ಕಾಸ್‌ಪ್ಲೇ ಎಂದು ಹೆಸರು. ಈ ಹೆಸರನ್ನು 1983ರಲ್ಲಿ ನೊಬುಯುಕಿ ತಕಹಾಶಿ ಎಂಬವರು ಅಲ್ಲಿನ ಪತ್ರಿಕೆಯೊಂದರಲ್ಲಿ ಬಳಕೆಗೆ ತಂದರು. ಬೆಂಗಳೂರಿನಲ್ಲಿ 2012ರಲ್ಲಿ ಕಾಮಿಕ್ ಕಾನ್ ಮೇಳವು ಮೊದಲಾದ ಬಳಿಕ, ನಮ್ಮ ಮನೆಗಳ ಮಕ್ಕಳೂ ಇಂಥ ವೇಷಗಳನ್ನು ಬೇಡತೊಡಗಿರುವುದು ವಾಚಕರಿಗೆ ತಿಳಿದಿರಬಹುದು.

ಹೀಗೆ ಬೇಡಿದಾಗ ಹುಚ್ಚಾಟವೆಂದು ಗದರಿಸುವ ಹಿರಿಯರುಂಟು. ಹಣ ಕೊಟ್ಟು ಸಿದ್ಧವಸ್ತುವನ್ನು ತರಿಸಿ ಕೈತೊಳೆದುಕೊಳ್ಳುವವರೂ ಉಂಟು. ಮೊದಲನೆಯದರಿಂದ ಮಗುವಿನ ಮನಸ್ಸು ಮುದುಡುವುದು. ಎರಡನೆಯದರಿಂದ ಅದರ ಕೈ ಏನನ್ನೂ ಕಲಿಯದು. ಜೊತೆಗೆ ಕುಳಿತು ಮಾಡಿಸುವುದೇ ಲೇಸು. ಈ ತಿಂಗಳು ಅಂಥದೊಂದು ವಸ್ತುವನ್ನು ಮಾಡುವ ಕ್ರಮವನ್ನು ಹೇಳುತ್ತೇವೆ.

ಹಿರೋಮು ಅರಕಾವಾ ಎಂಬ ಲೇಖಕಿಯು 2001ರಿಂದ 2010ರ ವರೆಗೆ ಮಾಸಪತ್ರಿಕೆಯೊಂದರಲ್ಲಿ ಬರೆದ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎಂಬ ಚಿತ್ರಕಥೆಯ ನಾಯಕ ಎಡ್ವರ್ಡ್ ಎಲ್ರಿಕ್. ತಮ್ಮನ ಪ್ರಾಣವನ್ನು ಉಳಿಸಿಕೊಳ್ಳಲು ತನ್ನ ಬಲದೋಳನ್ನೇ ತೆತ್ತವನು. ಅವನ ಲೋಹದ ತೋಳನ್ನು ಮಾಡಿಕೊಟ್ಟವರು ವಿನ್ರಿ ಎಂಬ ಗೆಳತಿ ಮತ್ತು ಅವಳ ಅಜ್ಜಿ, ತಮ್ಮ ಮನೆಯಲ್ಲಿಯೇ. ಆ ತೋಳನ್ನು ನಾವೂ ಮನೆಯಲ್ಲಿ ಮಾಡಬಹುದು, ಆದರೆ ಲೋಹದಿಂದಲ್ಲ. ದಿನವೆಲ್ಲ ತೊಟ್ಟು ನಿಲ್ಲತಕ್ಕ ವಸ್ತು ಭಾರವಾದರೆ ಮಧ್ಯಾಹ್ನದೊಳಗೆ ಭುಜ ಸೋಲುವುದು, ಮುಖ ಬಾಡುವುದು.

ಇದಕ್ಕೆ ತಕ್ಕ ಪದಾರ್ಥವೆಂದರೆ ಇ.ವಿ.ಎ. ಫೋಮ್ ಹಾಳೆ. ಮಕ್ಕಳಿಗಾಗಿ ನೆಲಕ್ಕೆ ಹಾಸುವ, ಒಂದಕ್ಕೊಂದು ಹಲ್ಲು ಕಚ್ಚಿಕೊಳ್ಳುವ ಮೆತ್ತನೆಯ ಚೌಕಗಳು ಸಾಮಾನ್ಯವಾಗಿ ಇದರವೇ. ಉಕ್ಕು ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ ತೂಗಿದರೆ, ಅಂಥ ಹಾಸಿನ ಫೋಮು 0.2 ಗ್ರಾಮಿಗೂ ಕಡಿಮೆ. ತೋಳಿನ ತಗಡುಗಳಿಗೆ 5 ಮಿಲಿಮೀಟರ್ ದಪ್ಪದ್ದು, ಮೇಲಿನ ಅಂಚು ಮತ್ತು ತಿರುಪುಗಳಿಗೆ 2 ಮಿಲಿಮೀಟರ್ ದಪ್ಪದ್ದು ಸಾಕು.

ಮೊದಲು ಅಳತೆ. ಮಗುವಿನ ತೋಳಿಗೆ ಅಡಿಗೆಮನೆಯ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಸುತ್ತಿ, ಮೇಲೆ ಕಾಗದದ ಅಂಟುಪಟ್ಟಿಯನ್ನು ಹೊದಿಸಿ, ತಗಡುಗಳ ಗೆರೆಗಳನ್ನು ಅದರ ಮೇಲೆಯೇ ಬರೆಯಬೇಕು. ಮೊಂಡು ಮೊನೆಯ ಕತ್ತರಿಯಿಂದ ಹಿರಿಯರೇ ಅದನ್ನು ಬಿಡಿಸಿ, ಗೆರೆಗುಂಟ ತುಂಡರಿಸಿ ಚಪ್ಪಟೆಯಾಗಿಟ್ಟರೆ ಮಾದರಿ ಸಿದ್ಧವಾಯಿತು. ಪ್ರತಿ ತುಂಡಿಗೂ ಅಂಕೆ ಹಾಕಿರಿ. ಫೋಮಿನ ದಪ್ಪಕ್ಕಾಗಿ ಸುತ್ತಳತೆಗೆ ಸುಮಾರು 2 ಸೆಂಟಿಮೀಟರ್ ಕೂಡಿಸಿರಿ.

ಫೋಮನ್ನು ಹೊಸ ಅಲಗಿನಿಂದ, ಒಂದೇ ನೇರದಲ್ಲಿ ಕೊಯ್ಯಬೇಕು; ಮೊಂಡಲಗು ಹರಿಯುವುದೇ ಹೊರತು ಕೊಯ್ಯದು. ತಗಡಿನ ಸಂದುಗಳು ಕಾಣಬೇಕಾದಲ್ಲಿ ಮೇಲ್ಮೈಯನ್ನು ಅರ್ಧ ಆಳಕ್ಕಿಂತ ಕಡಿಮೆ ಗೀರಿದರೆ, ಬಿಸಿಗಾಳಿ ತಾಗಿದೊಡನೆ ಆ ಗೀರು ತಾನಾಗಿ ಬಾಯ್ದೆರೆಯುವುದು. ಹೀಟ್ ಗನ್ನಿನ ಬಿಸಿಗಾಳಿಯಿಂದ ಫೋಮು ಬಾಗುವುದಲ್ಲದೆ, ಅದರ ಮೇಲಿನ ಸಣ್ಣ ರಂಧ್ರಗಳೂ ಮುಚ್ಚಿಕೊಂಡು ಬಣ್ಣವನ್ನು ಹೆಚ್ಚಾಗಿ ಹೀರುವುದಿಲ್ಲ. ಬಾಗಿಸಿದ ತುಂಡನ್ನು ತಣಿಯುವ ತನಕ ಹಿಡಿದಿರಬೇಕು. ಹೊಗೆಯೆದ್ದರೆ ಶಾಖ ಮಿತಿಮೀರಿತೆಂದು ತಿಳಿಯತಕ್ಕದ್ದು.

ಜೋಡಿಸುವುದಕ್ಕೆ ಪಾದರಕ್ಷೆ ರಿಪೇರಿಯವರು ಬಳಸುವ ರಬ್ಬರಿನ ಅಂಟು ಉತ್ತಮ. ಎರಡೂ ಅಂಚುಗಳಿಗೆ ತೆಳುವಾಗಿ ಸವರಿ, ಸುಮಾರು 10 ನಿಮಿಷ ಆರಗೊಟ್ಟು, ಬೆರಳಿಗೆ ಹತ್ತದಂತಾದ ಮೇಲೆ ಒತ್ತಬೇಕು. ಒಮ್ಮೆ ಕೂಡಿದುದನ್ನು ಸರಿಸಲಾಗದು. ಆದುದರಿಂದ ಅವಸರ ಸಲ್ಲದು. ಇದರ ಆವಿ ತಲೆಗೇರುವಂಥದು, ಬೆಂಕಿಯನ್ನೂ ಬೇಗ ಹಿಡಿಯುವಂಥದು. ಒಲೆ, ದೇವರ ದೀಪ, ಊದಿನಕಡ್ಡಿಗಳಿಂದ ದೂರವಾಗಿ, ಗಾಳಿಯಾಡುವ ಜಗಲಿಯಲ್ಲಿ ಹಿರಿಯರೇ ಈ ಕೆಲಸವನ್ನು ಮಾಡಬೇಕು. ಅಂಟು ಆರುವ ಮೊದಲು ಬಿಸಿಗಾಳಿಯ ಯಂತ್ರವನ್ನು ಹತ್ತಿರ ತರಲೇಬಾರದು. ಈ ಅಂಟು ಥರ್ಮಾಕೋಲನ್ನು ಕರಗಿಸಿಬಿಡುವುದೆಂಬುದೂ ನೆನಪಿನಲ್ಲಿರಲಿ.

ಮೊಣಕೈಯಲ್ಲಿ ತಗಡುಗಳನ್ನು ಒಂದಕ್ಕೊಂದು ಅಂಟಿಸದೆ, ಕಪ್ಪು ಬಟ್ಟೆಯ ತೋಳಿನ ಮೇಲೆ ಎಲಾಸ್ಟಿಕ್ ಪಟ್ಟಿಯಿಂದ ಹೊಲಿಯಿರಿ; ಇಲ್ಲವಾದರೆ ಕೈ ಮಡಿಚಲಾಗದು. ಮುಂಗೈಯ ತುಂಡಿಗೆ ವೆಲ್ಕ್ರೋ ಪಟ್ಟಿಯಿದ್ದರೆ ಮಗುವು ತಾನೇ ತೊಟ್ಟು ಕಳಚಬಹುದು. ನೀರು ಬೆರೆಸಿದ ಬಿಳಿಯ ಅಂಟನ್ನು ಮೂರು ಸಲ ತೆಳುವಾಗಿ ಬಳಿದು ಒಣಗಿಸಿ, ಮೇಲೆ ಕಪ್ಪು ಅಕ್ರಿಲಿಕ್ ಬಣ್ಣ ಹಚ್ಚಬೇಕು. ಬಳಿಕ ಕುಂಚದಲ್ಲಿ ಬೆಳ್ಳಿಬಣ್ಣವನ್ನು ಅದ್ದಿ, ಬಹುಪಾಲನ್ನು ಬಟ್ಟೆಗೆ ಒರಸಿ, ಉಳಿದುದನ್ನು ಉಬ್ಬುಗಳ ಮೇಲೆ ಹಗುರವಾಗಿ ಸವರಿದರೆ, ಸಂದುಗಳು ಕಪ್ಪಾಗಿಯೇ ಉಳಿದು, ನೋಡುವವರಿಗೆ ಹಳೆಯ ಉಕ್ಕಿನಂತೆಯೇ ತೋರುವುದು.

ಕಡೆಯದಾಗಿ ಒಂದು ಮಾತು. ಕೈ ಕಳೆದುಕೊಂಡು ನಿಜವಾದ ಕೃತಕ ತೋಳನ್ನು ಧರಿಸಿದವರು ನಮ್ಮ ನಡುವೆ ಇದ್ದಾರೆ. ಈ ವೇಷವು ನಗೆಯ ವಸ್ತುವಲ್ಲ, ತಮ್ಮನಿಗಾಗಿ ಅಣ್ಣನು ತೆತ್ತ ಬೆಲೆಯ ಗುರುತೆಂದು ಮಗುವಿಗೆ ತಿಳಿಸಿರಿ. ಮೇಳದ ಹಿಂದಿನ ದಿನ ಅದನ್ನು ತೊಡಿಸಿ ಒಂದು ಗಂಟೆ ಮನೆಯಲ್ಲಿ ಓಡಾಡಿಸಿರಿ. ಆ ಕೈಯಿಂದಲೇ ನೀರು ಕುಡಿಯಲಿ, ಮೆಟ್ಟಿಲು ಹತ್ತಲಿ. ಎಲ್ಲಿ ಉಜ್ಜುವುದೋ ಅಲ್ಲಿ ಹತ್ತಿಬಟ್ಟೆಯ ಒಳಪದರವನ್ನು ಹೊಲಿದುಬಿಡಿರಿ.