ಕಾನೂನು ಓದುವ ನಮ್ಮ ಮಕ್ಕಳಲ್ಲಿ ಒಂದು ಕೇಳಿಕೆ

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ಕಾನೂನು ಓದುತ್ತಿರುವ ಕನ್ನಡದ ಮಕ್ಕಳೇ,

ಯುಗಾದಿಗೋ ರಾಜ್ಯೋತ್ಸವಕ್ಕೋ ನಾವೆಲ್ಲ ಸೇರಿದಾಗ ಊಟದ ಸಾಲಿನಲ್ಲಿ ಯಾರಾದರೂ ನಿಮ್ಮನ್ನು ನಿಲ್ಲಿಸಿ ಕೇಳುತ್ತಾರೆ: ‘ನೀನು ಲಾ ಓದ್ತಿದೀಯಲ್ಲಪ್ಪ, ನಮ್ಮನೆ ಗ್ರೈಂಡರ್ ಮೋಟರ್ ಸುಟ್ಟುಹೋಯ್ತು. ತಗೊಂಡು ಹದಿನಾಲ್ಕು ತಿಂಗಳು, ವಾರಂಟಿ ಒಂದೇ ವರ್ಷ. ಅಂಗಡಿಯವರು ಕೊಯಮತ್ತೂರಿನ ಕಂಪನೀನ ಕೇಳಿ ಅಂತಾರೆ.’ ‘ವಾರಂಟಿ ಮುಗಿದಿದೆಯಲ್ಲ ಆಂಟಿ, ಕಷ್ಟ’ ಎಂದು ಹೇಳಿ ಕಳಿಸಬೇಡಿ. ಆ ಉತ್ತರ ತಪ್ಪು.

ವಾರಂಟಿ ಎಂಬುದು ಕಂಪನಿ ತಾನಾಗಿ ಕೊಡುವ ಮಾತು. 2011ರ ಜನವರಿ 1ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಖಾತರಿಗಳು ಅದರಿಂದ ಬೇರೆ. ಬೆಲೆಗೆ, ಬಗೆಗೆ ತಕ್ಕಂತೆ ವಸ್ತು ಎಷ್ಟು ಕಾಲ ಬಾಳಿಕೆ ಬರಬೇಕೋ ಅಷ್ಟು ಕಾಲವೂ ಅವು ಇರುತ್ತವೆ. 64ನೇ ಸೆಕ್ಷನ್ ಪ್ರಕಾರ ಯಾವ ಕರಾರಿನಿಂದಲೂ ಅವನ್ನು ಕಳಚಿಹಾಕಲಾಗದು. ಮೊದಲ ಹೊಣೆ ಮಾರಿದ ಅಂಗಡಿಯದು. ತಯಾರಕರಿಗೆ ಈ ದೇಶದಲ್ಲಿ ನೆಲೆಯೇ ಇಲ್ಲದಿದ್ದರೆ ಆಮದು ಮಾಡಿದವರನ್ನೇ ಕಾನೂನು ತಯಾರಕರೆಂದು ಎಣಿಸುತ್ತದೆ. ರಸೀದಿ ಕಳೆದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಬಹುದು. ದೋಷ ದೊಡ್ಡದಾದರೆ ದುಡ್ಡು ವಾಪಸ್ ಬೇಕೋ ಬದಲಿ ವಸ್ತು ಬೇಕೋ ಎಂದು ಆರಿಸುವ ಹಕ್ಕು ಕೊಂಡವರದು.

ಮಾರಿದವರು ದೂರದೇಶದವರಾದರೂ ಬಿಡುಗಡೆ ಇಲ್ಲ. ಆನ್‌ಲೈನ್ ಆಟಗಳನ್ನು ಮಾರುವ ಅಮೆರಿಕದ ವಾಲ್ವ್ ಕಂಪನಿ ಈ ಕಾನೂನು ತನಗೆ ಅನ್ವಯಿಸದೆಂದು ವಾದಿಸಿ ಸೋತಿತು. 2016ರಲ್ಲಿ ಫೆಡರಲ್ ಕೋರ್ಟ್ 30 ಲಕ್ಷ ಡಾಲರ್ ದಂಡ ಹಾಕಿತು.

ಊರಿನಲ್ಲಿ ಓದಿ ಬಂದವರು ಎಡವುವ ಜಾಗ ಇನ್ನೊಂದಿದೆ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕೆಂದು ಕೊಂಡವರು ಸಾಮಾನ್ಯವಾಗಿ ಗ್ರಾಹಕರಲ್ಲ. ಇಲ್ಲಿ ಹಾಗಿಲ್ಲ. 2021ರ ಜುಲೈ 1ರಿಂದ 1,00,000 ಡಾಲರ್‌ವರೆಗಿನ ವಸ್ತುವನ್ನು ಮರುಮಾರಾಟಕ್ಕೋ ಉತ್ಪಾದನೆಗೆ ಬಳಸಿ ಮುಗಿಸಲಿಕ್ಕೋ ಅಲ್ಲದೆ ಕೊಂಡ ಅಂಗಡಿಯವರೂ ಗ್ರಾಹಕರೇ. ಸಣ್ಣ ಹೋಟೆಲು ನಡೆಸುವ ನಮ್ಮವರು ಪಾತ್ರೆ ತೊಳೆಯುವ ಯಂತ್ರ ಕೊಂಡರೂ ಖಾತರಿ ಉಂಟು. ಹೋಟೆಲು, ಕಾರ್ಖಾನೆಯಲ್ಲೇ ಬಳಸುವಂಥ ವಸ್ತುವಾದರೆ ಪರಿಹಾರವನ್ನು ರಿಪೇರಿಗೋ ಬದಲಿಗೋ ಸೀಮಿತಗೊಳಿಸಲು ಮಾರಾಟಗಾರರಿಗೆ ಅವಕಾಶವಿದೆ, ಅಷ್ಟೆ. ಇನ್ನು ದಾರಿ ತಪ್ಪಿಸುವ ನಡವಳಿಕೆಯನ್ನು ತಡೆಯುವ 18ನೇ ಸೆಕ್ಷನ್ ಬಳಸಲು ಗ್ರಾಹಕರೇ ಆಗಿರಬೇಕೆಂದಿಲ್ಲ. ಮೋಸದ ಉದ್ದೇಶ ಇತ್ತೆಂದು ಸಾಧಿಸಬೇಕಾಗಿಯೂ ಇಲ್ಲ.

ಇಲ್ಲದ ಹಕ್ಕನ್ನು ಇದೆ ಎನ್ನುವುದರಿಂದಲೂ ಜನ ಅಷ್ಟೇ ಕೆಡುತ್ತಾರೆ. ಬಣ್ಣ ಹಿಡಿಸಲಿಲ್ಲವೆಂದು ಸೀರೆ ವಾಪಸ್ ಕೊಡುವ ಹಕ್ಕು ಕಾನೂನಿನಲ್ಲಿಲ್ಲ. ಯಾರದೋ ಮನೆಯಿಂದ ಕೊಂಡ ಹಳೇ ಕಾರಿಗೆ ಗುಣಮಟ್ಟದ ಖಾತರಿ ಇಲ್ಲ. ಗ್ರಾಹಕ ಕಾನೂನು ದೇಶಕ್ಕೆಲ್ಲ ಒಂದೇ ಆದರೂ ರಾಜ್ಯಗಳ ನಿಯಮ ಬೇರೆ ಬೇರೆ: ಡೀಲರ್‌ನಿಂದ ಹಳೇ ಕಾರು ಕೊಂಡವರು ಮನಸ್ಸು ಬದಲಿಸಲು ಬ್ರಿಸ್ಬೇನ್‌ನಲ್ಲಿ ಒಂದು ಕೆಲಸದ ದಿನ, ಅಡಿಲೇಡ್‌ನಲ್ಲಿ ಎರಡು, ಪರ್ತ್‌ನಲ್ಲಿ ಅಂಥ ಅವಧಿಯೇ ಇಲ್ಲ. ಇಡೀ ದೇಶದ ಗ್ರಾಹಕ ಆಯೋಗವಾದ ಎಸಿಸಿಸಿಗೆ ದೂರು ಕೊಟ್ಟರೆ ದುಡ್ಡು ಬರುತ್ತದೆಂಬ ನಂಬಿಕೆಯೂ ಸುಳ್ಳು; ಒಬ್ಬೊಬ್ಬರ ವ್ಯಾಜ್ಯವನ್ನು ಅದು ಬಗೆಹರಿಸುವುದಿಲ್ಲ. ಮೊದಲು ಆಯಾ ರಾಜ್ಯದ ಗ್ರಾಹಕ ಇಲಾಖೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಬ್ರಿಸ್ಬೇನ್‌ನವರಿಗೆ 25,000 ಡಾಲರ್‌ವರೆಗೆ ಕ್ಯೂಕ್ಯಾಟ್ ನ್ಯಾಯಮಂಡಳಿ, ಅಡಿಲೇಡ್‌ನವರಿಗೆ 12,000 ಡಾಲರ್‌ವರೆಗೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಣ್ಣ ದಾವೆ. ಪರ್ತ್‌ನವರಿಗೂ ಮ್ಯಾಜಿಸ್ಟ್ರೇಟ್ ಕೋರ್ಟೇ.

ನೀವಿನ್ನೂ ವಕೀಲರಲ್ಲ, ಯಾರ ಪರವಾಗಿಯೂ ವಾದಕ್ಕೆ ನಿಲ್ಲಬೇಡಿ, ತೊಡಕಿನ ಸಂಗತಿಯನ್ನು ಉಚಿತ ಕಾನೂನು ನೆರವಿನ ಕೇಂದ್ರಕ್ಕೆ ಕಳಿಸಿ. ಆದರೆ 51ರಿಂದ 64ಎವರೆಗಿನ ಸೆಕ್ಷನ್‌ಗಳನ್ನು ನೋಟ್ಸ್ ಬದಿಗಿಟ್ಟು ಮೂಲದಲ್ಲೇ ಓದಿ. ಬರುವ ಹಬ್ಬಕ್ಕೆ ಊಟದ ಮನೆಯ ಪಕ್ಕದಲ್ಲೊಂದು ಮೇಜು ಹಾಕಿ ಇಬ್ಬರು ಮೂವರು ಕೂರಿ. ಅಂಗಡಿಯವರ ಮುಂದೆ ಇಂಗ್ಲಿಷಿನಲ್ಲಿ ಮಾತು ಹೊರಡದೆ ಹಿಂದಿರುಗಿದ ಹಿರಿಯರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿ, ಎರಡನೇ ಸಲ ಅಂಗಡಿಗೆ ಹೋಗುವಾಗ ಜೊತೆಗೆ ಹೋಗಿ.